ಗಂಜಿ ಮನೆಯ ಮುಸುಕಿನವರು

"ಅವ್ವಾ, ಊರಿನ ಧರ್ಮದ ಮನೆಗಳನ್ನೆಲ್ಲ ಸುತ್ತಿ, ಅಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂದು ಪಟ್ಟಿ ಮಾಡುವ ಕೆಲಸ ನನಗೆ ಬಂದಿದೆ. ಯಾರನ್ನು ಬರೆದುಕೊಳ್ಳಲಿ, ಯಾರನ್ನು ಬಿಡಲಿ?" ಎಂದು ಶಿಷ್ಯ ತನ್ನ ಗುರುವನ್ನು ಕೇಳಿದ. ಗುರು ಎಂದರೆ ಒಬ್ಬ ಮುದುಕಿ. ಬಾಯಲ್ಲಿ ಹಲ್ಲು ಒಂದೂ ಉಳಿದಿರಲಿಲ್ಲ, ನಾಲಿಗೆ ಮಾತ್ರ ಮೊಂಡಾಗಿರಲಿಲ್ಲ. ಅವಳು ಹೇಳಿದಳು:

ಒಂದು ಪಟ್ಟಣ. ಅಲ್ಲಿ ಏಳು ಧರ್ಮದ ಮನೆಗಳು. ಬೇಡುವವರಿಗಿಂತ ಕೊಡುವವರೇ ನಮ್ಮಲ್ಲಿ ಹೆಚ್ಚು ಎಂದು ಆ ಊರಿಗೆ ಜಂಬ. ಒಂದು ವರ್ಷ ಹಿರಿಯರಿಗೆ ಅನುಮಾನ ಬಂತು. ಈ ಮನೆಗಳಿಗೆ ಹೋಗುವ ಜೋಳ ದುಡಿಯುವವರ ಹೊಟ್ಟೆಗೆ ಹೋಗುತ್ತದೋ, ಕೂತವರ ಹೊಟ್ಟೆಗೋ? ಒಬ್ಬ ಗುಮಾಸ್ತನನ್ನು ಕರೆದು, "ಪ್ರತಿ ಮನೆಯಲ್ಲಿ ದುಡಿಯುವವರ ಹೆಸರು ಬರೆದು ತಾ. ಹೆಸರು ಸುಳ್ಳಾದ ಮನೆಗೆ ಬೀಗ" ಎಂದರು.

ಗುಮಾಸ್ತನಿಗೆ ಹಬ್ಬವೋ ಹಬ್ಬ. ಗೋಶಾಲೆಯಲ್ಲಿ ಒಂಬತ್ತು ಆಳು, ಒಂದು ಮುದಿ ಹಸು. ಅರವಟ್ಟಿಗೆಯಲ್ಲಿ ನೀರು ಕೊಡುವವಳು ಎಂದು ಬರೆಸಿದ್ದವಳು ಅಲ್ಲಿನ ಯಜಮಾನ ಹಿಂದಿನ ಓಣಿಯಲ್ಲಿ ಇಟ್ಟುಕೊಂಡಿದ್ದವಳು. ಅವಳು ಕೊಡ ಎತ್ತಿದ್ದನ್ನು ಕಂಡವರಿಲ್ಲ. ಅನಾಥರ ಮನೆಯಲ್ಲಿ ಯಜಮಾನನ ಮೂವರು ಭಾವಮೈದುನರು. ಮೂವರೂ ಅಡುಗೆಯವರಂತೆ, ಮೂವರೂ ಉಣ್ಣುವ ಹೊತ್ತಿಗೆ ಮಾತ್ರ ಬರುವವರು. ಗುಮಾಸ್ತ ಹೆಸರು ಹೊಡೆದುಹಾಕಿದ, ಒಂದೊಂದಾಗಿ ಆರು ಮನೆಗೆ ಬೀಗ ಹಾಕಿಸಿದ. ಊರು ಬಾಯಿ ಚಪ್ಪರಿಸಿತು. ಬೀಗ ಬಿದ್ದ ಮನೆಗಳಲ್ಲಿ ಇದ್ದ ಬಡವರೆಲ್ಲ ಕೊನೆಯ ಮನೆಗೆ ನಡೆದರು. ಅಲ್ಲಿ ನಲವತ್ತು ಇದ್ದ ತಟ್ಟೆ ನೂರಾಯಿತು.

ಆ ಕೊನೆಯದು ಗಂಜಿ ಮನೆ. ಅಲ್ಲೊಂದು ರೂಢಿ ಇತ್ತು. ದುಡಿಯುವವರು ಬಾಗಿಲ ಬಳಿಯ ಗೂಟದಿಂದ ಬಿಳಿ ದುಪ್ಪಟಿ ತೆಗೆದು, ತಲೆಯಿಂದ ಮುಸುಕು ಹಾಕಿಕೊಂಡೇ ಒಳಗೆ ಹೋಗಬೇಕು. ಮಾತಾಡಬಾರದು. ಹೆಸರು ಹೇಳಬಾರದು. ಹರಕೆ ಹೊತ್ತವರು ಬರುತ್ತಾರೆ ಎಂದು ಊರು ನಂಬಿತ್ತು. ಕೊಪ್ಪರಿಗೆ ತಿಕ್ಕುತ್ತಿರುವುದು ಶೆಟ್ಟಿಯ ಹೆಂಡತಿಯೋ, ಸೆರೆಮನೆಯಿಂದ ಬಂದವನೋ, ಯಾರಿಗೂ ಗೊತ್ತಿಲ್ಲ. ಯಾರ ಪಾಪ ಯಾರನ್ನು ಅಲ್ಲಿಗೆ ತಂದಿತು ಎಂದು ತಿಳಿಯಲು ಎಲ್ಲರಿಗೂ ನಾಲಿಗೆಯ ತುರಿಕೆ. ಆದರೂ ಯಾರೂ ಕೇಳಿರಲಿಲ್ಲ.

ಆ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸು ಗುಮಾಸ್ತನನ್ನು ಹೊಸ್ತಿಲಲ್ಲೇ ತಡೆದಳು. "ಎಷ್ಟು ಜನ ಅಂತ ಕೇಳಪ್ಪ, ಹೇಳುತ್ತೇನೆ. ಯಾರು ಅಂತ ಮಾತ್ರ ಕೇಳಬೇಡ. ಒಳಗೆ ನೂರು ಹೊಟ್ಟೆ ಇವೆ."

"ಏನವ್ವ, ನಿನಗೂ ಭಾವಮೈದುನರು ಇದ್ದಾರೋ?" ಎಂದ ಗುಮಾಸ್ತ. "ತಲೆ ಎಣಿಸಿ ಹೋಗಲು ನಾನು ಕುರಿ ಕಾಯುವವನಲ್ಲ. ಹೆಸರು ಬೇಕು."

ಕೆಲಸ ಮುಗಿಸಿ ಹೊರಡುವವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ. ಮುಸುಕಿನೊಳಗಿಂದ ಒಬ್ಬೊಬ್ಬರೂ ಒಂದೊಂದು ಹೆಸರು ಉಸುರಿದರು. ಗಂಡೋ ಹೆಣ್ಣೋ ಆ ದನಿಯಿಂದ ತಿಳಿಯಲಿಲ್ಲ. ಒಟ್ಟು ಇಪ್ಪತ್ತಮೂರು ಹೆಸರು.

ಸಂಜೆ ಕಟ್ಟೆಯ ಮೇಲೆ ಹಿರಿಯರ ಮುಂದೆ ಪಟ್ಟಿ ಓದಿದ. ಕೇಳಲು ಊರೇ ಸೇರಿತ್ತು.

"ಗಾಣದ ಸಂಕವ್ವ."

ಗಾಣದವನು ಎದ್ದು ನಿಂತ. "ನನ್ನ ತಾಯಿ. ಸತ್ತು ಆರು ವರ್ಷ."

"ಕಂಬಳಿ ಬಸಲಿಂಗ."

"ಬಾವಿಗೆ ಬಿದ್ದವನು," ಎಂದರು ಯಾರೋ.

"ಬಳೆಗಾರರ ಮಲ್ಲವ್ವ."

ಎಲ್ಲರೂ ಒಂದೇ ಮನೆಯ ಕಡೆ ತಿರುಗಿ ನೋಡಿದರು. ಅವಳು ಹೇಗೆ ಸತ್ತಳೆಂದು ಎಲ್ಲರಿಗೂ ಗೊತ್ತಿತ್ತು.

ಇಪ್ಪತ್ತಮೂರೂ ಸತ್ತವರ ಹೆಸರೇ. ಮೊದಲು ಚಪ್ಪರಿಸುತ್ತಿದ್ದ ಬಾಯಿಗಳು ಪಟ್ಟಿ ಮುಗಿಯುವಷ್ಟರಲ್ಲಿ ಒಣಗಿದವು. ಹಿರಿಯರು, "ಹೆಸರು ಸುಳ್ಳು. ನಾಳೆ ಮಧ್ಯಾಹ್ನಕ್ಕೆ ಆ ಮನೆಗೂ ಬೀಗ" ಎಂದು ಎದ್ದರು. ಆದರೆ ಅವರ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಗುಮಾಸ್ತ, "ಅಷ್ಟರೊಳಗೆ ಮುಸುಕು ಎಳೆದು ಮುಖ ನೋಡಿಯೇ ಬರೆಯುತ್ತೇನೆ" ಎಂದ.

ಬೆಳಿಗ್ಗೆ ಗಂಜಿ ಮನೆಗೆ ಹೋದ. ಗೂಟಗಳಲ್ಲಿ ಇಪ್ಪತ್ತಮೂರು ದುಪ್ಪಟಿ ತೂಗುತ್ತಿದ್ದವು. ಎಲ್ಲವೂ ಒದ್ದೆ, ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಒಲೆ ತಣ್ಣಗಿತ್ತು. ಕೊಪ್ಪರಿಗೆಯಲ್ಲಿ ನಿನ್ನೆಯ ಅಂಟು ಒಣಗಿತ್ತು.

"ಎಲ್ಲಿ ಅವರು?" ಎಂದು ಕೇಳಿದ.

"ಹೆಸರು ಕೇಳಿದ ಮೇಲೆ ಅವರು ನಿಲ್ಲುವುದಿಲ್ಲಪ್ಪ," ಎಂದಳು ಆ ಹೆಂಗಸು.

ನೂರು ಜನ ಸಾಲಾಗಿ ಕೂತಿದ್ದರು. ಮುಂದೆ ಖಾಲಿ ತಟ್ಟೆ. ಸಾಲಿನಲ್ಲಿದ್ದ ಒಬ್ಬ ಕುರುಡ ತಲೆ ಎತ್ತಿ, "ಯಾರೋ ಹೊಸಬರು ಬಂದ ಹಾಗಿದೆ. ಕಾಲ ಸಪ್ಪಳ ಕೇಳಿಸುತ್ತಿದೆ" ಎಂದ.

"ದಿನವೂ ಇಪ್ಪತ್ತಮೂರು ಜನ ನಿನ್ನ ಮುಂದೆಯೇ ಓಡಾಡುತ್ತಿದ್ದರಲ್ಲ?" ಎಂದ ಗುಮಾಸ್ತ.

"ಗಂಜಿ ಬರುತ್ತಿತ್ತಪ್ಪ," ಎಂದ ಕುರುಡ. "ಸಪ್ಪಳ ಬರುತ್ತಿರಲಿಲ್ಲ."

ಗುಮಾಸ್ತನಿಗೆ ಓಡಿಹೋಗಬೇಕು ಎನಿಸಿತು. ಬಾಗಿಲ ತನಕ ಹೋಗಿಯೂ ಹೋದ. ಹಿಂದೆ ಒಂದು ಮಗು ಖಾಲಿ ತಟ್ಟೆಯನ್ನು ನೆಕ್ಕುತ್ತಿತ್ತು. ಅವನು ಪಟ್ಟಿಯನ್ನು ನೆಲಕ್ಕಿಟ್ಟ. ಗೂಟದಿಂದ ಒಂದು ದುಪ್ಪಟಿ ತೆಗೆದು ತಲೆಗೆ ಹೊದ್ದ. ಅದು ತಣ್ಣಗಿತ್ತು, ಆದರೆ ಒಳಮಗ್ಗುಲಲ್ಲಿ ಯಾರೋ ಈಗಷ್ಟೇ ತೆಗೆದಿಟ್ಟ ಹಾಗೆ ಬೆಚ್ಚಗಿತ್ತು. ಕೊಪ್ಪರಿಗೆಯ ಮುಂದೆ ಕೂತು ತಿಕ್ಕತೊಡಗಿದ.

ಮಧ್ಯಾಹ್ನ ಹಿರಿಯನೊಬ್ಬ ಬೀಗ ಹಿಡಿದು ಬಂದ. ಒಲೆ ಉರಿಯುತ್ತಿತ್ತು. ಒಂದೇ ಒಂದು ಮುಸುಕು ಸಾಲಿನ ಉದ್ದಕ್ಕೂ ಗಂಜಿ ಬಡಿಸುತ್ತಿತ್ತು.

"ಯಾರಯ್ಯಾ ನೀನು? ಹೆಸರು ಹೇಳು," ಎಂದ ಹಿರಿಯ.

ಮುಸುಕಿನವನು ಸೌಟನ್ನು ಮತ್ತೆ ಗಂಜಿಗೆ ಅದ್ದಿದ. ಹಿರಿಯ ಸಾಲನ್ನು ನೋಡಿದ. ಇನ್ನೂ ಎಂಬತ್ತು ತಟ್ಟೆ ಖಾಲಿ ಇದ್ದವು. ಬೀಗವನ್ನು ಹಾಗೆಯೇ ಹಿಡಿದುಕೊಂಡು ಹಿಂದಿರುಗಿದ.

ಮುದುಕಿ ಕತೆ ನಿಲ್ಲಿಸಿದಳು.

"ಹಾಗಾದರೆ ಅವ್ವಾ, ಆ ಮನೆಯಲ್ಲಿ ಈಗ ಎಷ್ಟು ಜನ ದುಡಿಯುತ್ತಾರೆ?" ಎಂದ ಶಿಷ್ಯ.

"ಬೇಕಾದವರಿಗಿಂತ ಒಬ್ಬ ಕಡಿಮೆ, ನೀನು ಇಲ್ಲಿ ಕೂತಿದ್ದೀಯಲ್ಲ."