ಮಾಚ ಹಿಡಿದ ವೀಳ್ಯ

"ಕೇಳಿರಪ್ಪೋ ಕೇಳಿರಿ! ಬಣ್ಣದ ತೊಟ್ಟಿಗಳ ಮೇಲೆ ಹಲವರ ಪರವಾಗಿ ಒಬ್ಬನೇ ದೂರು ಹೇಳಬೇಕೆಂದರೆ, ಮೊದಲು ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಜಹಗೀರು, ತಪ್ಪಿದವನಿಗೆ ತಲೆದಂಡ!"

ಹೊನ್ನಾಪುರದ ಸಂತೆಯಲ್ಲಿ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ಬಟ್ಟೆಗೆ ಬಣ್ಣ ಅದ್ದುವ ಆ ತೊಟ್ಟಿಗಳು ಅರಸನ ಬಾಮೈದನವು. ಅವುಗಳ ಹೊಲಸು ಸೀಹೊಳೆಗೆ ಬೀಳುತ್ತಿತ್ತು. ಹೊಳೆ ಹರಿಯುವುದು ಮೂರು ರಾಜ್ಯಗಳಲ್ಲಿ. ನೀರಿಗಿಳಿದ ಮಡಿವಾಳರ ಕೈಕಾಲೆಲ್ಲ ಹುಣ್ಣಾಗಿತ್ತು. ಒಬ್ಬೊಬ್ಬರೇ ಹೋದರೆ, "ನಿನ್ನ ಚರ್ಮವೇ ಸರಿಯಿಲ್ಲ" ಎಂದು ಅಟ್ಟುತ್ತಿದ್ದರು. ಹೊಳೆಯ ಕೆಳಭಾಗದ ರಾಜ್ಯದವರು ತಮ್ಮ ಅರಸನನ್ನು ಕೇಳಿದರೆ, "ತೊಟ್ಟಿ ನಮ್ಮ ಗಡಿಯೊಳಗಿಲ್ಲ" ಎನ್ನುತ್ತಿದ್ದ. ಹೊನ್ನಾಪುರಕ್ಕೆ ಬಂದರೆ, "ನೀವು ನಮ್ಮ ಪ್ರಜೆಗಳಲ್ಲ." ಬಡವನ ಪಾಡು ಎಲ್ಲಿಗೆ ಹೋದರೂ ಅಷ್ಟೇ ಅಲ್ಲವೇ? ಎಲ್ಲರ ಪರವಾಗಿ ಒಬ್ಬನನ್ನು ಕಳಿಸೋಣವೆಂದು ಮಡಿವಾಳರು ಮಾತಾಡಿಕೊಂಡದ್ದು ಅರಸನ ಕಿವಿಗೆ ಬಿತ್ತು; ಅದಕ್ಕೇ ಈ ಡಂಗುರ.

ಜಹಗೀರಿನ ಆಸೆಗೆ ಮೊದಲು ಬಂದವರು ವಾದದಲ್ಲಿ ಪಳಗಿದ ಪಂಡಿತರು.

"ಎಲ್ಲರೂ ಕುಡಿಯುತ್ತಾರೆ, ಯಾರದೂ ಅಲ್ಲ. ಅದು ಕೆಟ್ಟ ದಿನ ಮಾತ್ರ ಒಡೆಯನನ್ನು ಹುಡುಕುತ್ತಾರೆ. ಏನದು?" ಎಂದು ಅರಸ ಕೇಳಿದ.

"ಸೋಮರಸ, ಪ್ರಭು" ಎಂದ ಒಬ್ಬ ಪಂಡಿತ. ಅವನ ತಲೆ ಹೋಯಿತು.

ಇನ್ನೊಬ್ಬ "ಹೊಳೆ" ಎಂದು ಉಳಿದುಕೊಂಡ. ಅರಸ ಎರಡನೆಯದನ್ನು ಎಸೆದ: "ಹಕ್ಕಿಗೆ ಕಾಣದು, ಮೀನಿಗೆ ಕಾಣದು. ನೊಂದವನು ನ್ಯಾಯ ಕೇಳಲು ಹೊರಟರೆ ಎದುರು ನಿಲ್ಲುತ್ತದೆ."

"ವಿಧಿ!" ಎಂದ ಪಂಡಿತ. ಅವನ ವಿಧಿಯೂ ಅಲ್ಲಿಗೆ ಮುಗಿಯಿತು.

ಆಮೇಲೆ ಬಂದವನು ಹೊನ್ನಾಪುರದ ಕೆಳಗಣ ಹಳ್ಳಿಯ ಮಡಿವಾಳ ಮಾಚ. ಅವನಿಗೆ ಜಹಗೀರು ಬೇಕಿರಲಿಲ್ಲ. ಅವನ ಅಕ್ಕ ನೀಲವ್ವನನ್ನು ಗಡಿಯಾಚೆಗೆ ಕೊಟ್ಟಿತ್ತು. ಅವಳ ಕೂಸಿನ ಮೈತುಂಬ ಹುಣ್ಣು. ಮೂರೂ ರಾಜ್ಯದ ಮಡಿವಾಳರು ಅವನ ಕೈಮೇಲೆ ಕೈಯಿಟ್ಟು, "ನಿನ್ನ ಮಾತೇ ನಮ್ಮ ಮಾತು" ಎಂದು ಕಳಿಸಿದ್ದರು. ಅವನು ಅರಮನೆಯ ಮೆಟ್ಟಿಲು ಹತ್ತಿ ಅರಸನ ಮುಂದೆ ನಿಂತ.

"ಮೊದಲನೆಯದು ಹೊಳೆ, ಬುದ್ಧಿ. ಎರಡನೆಯದು ಗಡಿ. ನಮ್ಮಕ್ಕ ದಿನಾ ಅದಕ್ಕೆ ತಲೆ ಚಚ್ಚಿಕೊಳ್ತಾಳೆ."

ಅರಸ ಮುಂದಕ್ಕೆ ಬಾಗಿದ. "ಹೊರುವವನು ಒಬ್ಬ, ಭಾರ ಎಲ್ಲರದು. ಅವನು ಇಳಿಸಿದರೆ ಎಲ್ಲರ ಕೈಯೂ ಬರಿದು. ಏನದು?"

ಮಾಚನಿಗೆ ತನ್ನ ಕೈಮೇಲೆ ಬಿದ್ದ ಆ ಕೈಗಳ ನೆನಪಾಯಿತು. "ಹಲವರ ಪರವಾಗಿ ಒಬ್ಬ ಆಡೋ ಮಾತು, ಬುದ್ಧಿ."

"ಭೇಷ್!" ಎಂದ ಅರಸ, ತಟ್ಟೆಯಿಂದ ವೀಳ್ಯ ತೆಗೆದು ಚಾಚಿದ. "ಜಹಗೀರು ನಿನ್ನದು. ನಿನ್ನ ಊರನ್ನು ಸುತ್ತಿ ಹೋಗುವ ಕಾಲುವೆ ತೋಡಿಸಿ, ಹೊಲಸನ್ನು ಊರ ಕೆಳಗೆ ಹೊಳೆಗೆ ಬಿಡಿಸುತ್ತೇನೆ. ಇಲ್ಲಿನ ಪದ್ಧತಿ ಗೊತ್ತಲ್ಲ? ಮುಂದಾಳು ವೀಳ್ಯ ಹಿಡಿದರೆ ಅವನ ಹಿಂದಿನವರೆಲ್ಲರ ದೂರೂ ತೀರಿದ ಹಾಗೆ. ಮತ್ತೆ ಯಾರೂ ಎತ್ತುವಂತಿಲ್ಲ."

"ಕೆಳಗಿನವರ ಗತಿ, ಬುದ್ಧಿ?"

"ನನ್ನ ಕೈ ಗಡಿ ದಾಟದು."

"ನಾನು ಹಿಡೀದಿದ್ರೆ?"

"ಅರಸನ ವೀಳ್ಯ ಬೇಡವೆಂದವನ ತಲೆ ಉಳಿದದ್ದುಂಟೇ? ಆಗ ನಿನ್ನ ಊರಿಗೂ ಕಾಲುವೆಯಿಲ್ಲ."

ಅತ್ತ ದರಿ, ಇತ್ತ ಪುಲಿ. ಮಾಚ ಸುತ್ತ ನೋಡಿದ. ಅವನ ಪರವಾಗಿ ಮಾತಾಡುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅವನು ಕೈ ಚಾಚಿದ. ಸಭೆ ಜಯಕಾರ ಹಾಕಿತು. ಅವನಿಗೆ ಅಳು ಬಂತು.

ಕಾಲುವೆಯಾಯಿತು. ಮಾಚನ ಊರಿನಲ್ಲಿ ಹೊಳೆ ತಿಳಿಯಾಯಿತು. ಒಂದು ದಿನ ನೀಲವ್ವ ಕೂಸನ್ನೂ ಕೊಡವನ್ನೂ ಹೊತ್ತು ಬಂದಳು. ಅವಳ ಮುಖದಲ್ಲಿ ನಗುವಿತ್ತು.

"ಗೆದ್ದೆಯಂತಲ್ಲೋ ತಮ್ಮಾ! ನಮ್ಮ ಕಡೆ ಮಾತ್ರ ನೀರು ಇನ್ನೂ ಕಪ್ಪಾಗೈತೆ. ಯಾರಾದ್ರೂ ಮರೆತಿರಬೇಕು. ನಾನೇ ಹೋಗಿ ಅರಸನ್ನ ಕೇಳ್ಲಾ?"

"ಕೇಳೋ ಹಾಗಿಲ್ಲ ಅಕ್ಕಾ" ಎಂದ ಮಾಚ. "ನಿನ್ನ ಪರವಾಗಿ ನಾನೇ ವೀಳ್ಯ ಹಿಡಿದು ಬಂದೆ."

ನೀಲವ್ವ ಕೂಸನ್ನು ಕಂಕುಳಿಗೆ ಏರಿಸಿಕೊಂಡಳು. ಆಮೇಲೆ ಹೊಳೆಗಿಳಿದು ಕೊಡ ತುಂಬಿಸಿಕೊಂಡಳು. ಕೂಸು ಒಂದು ಕಂಕುಳಲ್ಲಿ, ಕೊಡ ಇನ್ನೊಂದರಲ್ಲಿ. ಜಹಗೀರುದಾರ ಮಾಚ ಕೊಡ ಹೊರಲು ಓಡಿ ಬಂದ.

"ಬೇಡ" ಎಂದಳು. "ನಮ್ಮದನ್ನ ನೀನು ಹೊತ್ತದ್ದು ಸಾಕು."