ಹಡಗಿನ ಪಾಲು

"ಬುದ್ಧಿ, ಕೊಂಡ ಷೇರನ್ನು ಯಾವಾಗ ಮಾರಬೇಕು?"

ಕೇಳಿದವನು ಚನ್ನಮಲ್ಲಪ್ಪ. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಮಠದ ಶಿಷ್ಯ. ಅಂಗಡಿಯಲ್ಲಿ ಉಳಿಸಿದ್ದನ್ನೆಲ್ಲ ಷೇರಿಗೆ ಹಾಕಿದ್ದ. ಬೆಲೆ ಏರಿದರೆ ಈಗಲೇ ಮಾರಿಬಿಡಲೇ ಎಂಬ ತಳಮಳ, ಇಳಿದರೆ ನಿನ್ನೆಯೇ ಮಾರಲಿಲ್ಲವಲ್ಲ ಎಂಬ ಸಂಕಟ. ಒಂದೇ ಕಂಪನಿಯಲ್ಲಿ ಇಡಬೇಕೋ, ಹಲವು ಕಡೆ ಹಂಚಬೇಕೋ, ಎಲ್ಲವನ್ನೂ ಮ್ಯೂಚುವಲ್ ಫಂಡಿನವರ ಕೈಗೆ ಒಪ್ಪಿಸಿ ಸುಮ್ಮನಿರಬೇಕೋ ಎಂದೂ ಕೇಳಿದ. ಸರಿಯಾಗಿ ನಿದ್ದೆ ಮಾಡಿ ಬಹಳ ಕಾಲವಾಯಿತು ಎಂದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಹಿಂದೆ ಕರಾವಳಿಯ ಒಂದು ಬಂದರಿನಲ್ಲಿ ಯಾರೂ ಒಬ್ಬರೇ ಹಡಗು ಕಟ್ಟಿಸುತ್ತಿರಲಿಲ್ಲ. ಊರವರೆಲ್ಲ ಪಾಲು ಹಾಕುತ್ತಿದ್ದರು. ಹಡಗು ಸರಕು ಮಾರಿ ಮರಳಿದರೆ ಲಾಭವನ್ನು ಪಾಲಿನಂತೆ ಹಂಚುತ್ತಿದ್ದರು. ಮುಳುಗಿದರೆ ನಷ್ಟವನ್ನೂ ಹಾಗೆಯೇ ಹೊರುತ್ತಿದ್ದರು. ಹಡಗು ಕಡಲಿನಲ್ಲಿರುವಾಗಲೂ, ಸರಕು ಇಳಿಸುವ ಧಕ್ಕೆಯ ಮೇಲೆ ನಿಂತು ಪಾಲನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. ಗಾಳಿ ಚೆನ್ನಾಗಿದ್ದರೆ ಪಾಲಿನ ಬೆಲೆ ಏರುತ್ತಿತ್ತು. ಯಾರಾದರೂ ಕೆಟ್ಟ ಸುದ್ದಿ ತಂದರೆ ಇಳಿಯುತ್ತಿತ್ತು.

ಆ ಊರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅವನ ತಾಯಿಗೆ ಕಾಶಿ ನೋಡುವ ಆಸೆ. "ಕಾಲಿನಲ್ಲಿ ಬಲವಿರುವಾಗಲೇ ಕರೆದುಕೊಂಡು ಹೋಗು ಮಗಾ" ಎಂದಿದ್ದಳು. ಮಗ ಅವಳ ಕೈ ಹಿಡಿದು ಮಾತು ಕೊಟ್ಟ. ಯಾತ್ರೆಯ ಖರ್ಚು ಹುಟ್ಟಲಿ ಎಂದೇ ಕಾಳುಮೆಣಸು ಹೊತ್ತು ದೂರದೇಶಕ್ಕೆ ಹೋಗುವ ದೊಡ್ಡ ಹಡಗಿನಲ್ಲಿ ಪಾಲು ಕೊಂಡ.

ಅದೇ ಬೀದಿಯಲ್ಲಿ ಒಬ್ಬ ಹೆಂಗಸು ಎಣ್ಣೆಯ ಗಾಣ ನಡೆಸುತ್ತಿದ್ದಳು. ಆ ಕೇರಿಯ ಬಾವಿಗಳ ನೀರೆಲ್ಲ ಉಪ್ಪು. ಸಿಹಿನೀರಿಗೆ ಹೊಳೆ ದಾಟಬೇಕು. ಒಂದು ಮಳೆಗಾಲದಲ್ಲಿ ಅವಳ ತಂಗಿ ಕೊಡ ಹೊತ್ತು ಬರುತ್ತಿದ್ದಾಗ ಕಾಲು ಜಾರಿ ಕೊಚ್ಚಿಹೋದಳು. ಗುಡ್ಡದ ಬುಡದಲ್ಲಿ ಆಳಕ್ಕೆ ತೋಡಿದರೆ ಸಿಹಿನೀರು ಸಿಗುತ್ತದೆ ಎಂದು ಬಲ್ಲವರು ಹೇಳುತ್ತಿದ್ದರು. ಆದರೆ ಅಲ್ಲಿ ನೆಲವೆಲ್ಲ ಕಲ್ಲು. ಕಲ್ಲು ಒಡೆಸಲು ಗಾಣದ ದುಡಿಮೆಯೊಂದೇ ಸಾಲದು. ಅವಳೂ ಪಾಲು ಕೊಳ್ಳಲು ಧಕ್ಕೆಗೆ ಬಂದಳು.

ಮನೆಗೂ ಎತ್ತಿನ ಮೇವಿಗೂ ಬೇಕಾದದ್ದನ್ನು ಅವಳು ಮುಟ್ಟಲಿಲ್ಲ. ಉಳಿದುದರಲ್ಲಿ ಸ್ವಲ್ಪವನ್ನು ಮೆಣಸಿನ ಹಡಗಿಗೆ ಹಾಕಿದಳು. ಮಿಕ್ಕದ್ದನ್ನು ದಡ ಬಿಡದೆ ಉಪ್ಪು, ತೆಂಗು ಸಾಗಿಸುವ ಸಣ್ಣ ಮಚವೆಗಳಿಗೆ ಹಾಕಿದಳು. ಹಾಕುವ ಮೊದಲು, ಹಡಗು ನಡೆಸುವ ತಂಡೇಲ ಯಾರು, ಗಾಳಿ ಕೆಟ್ಟ ವರ್ಷ ಅವನು ಹೇಗೆ ಮರಳಿ ಬಂದ ಎಂದು ವಿಚಾರಿಸಿದಳು. ವ್ಯಾಪಾರಿ ಇದನ್ನು ನೋಡಿ ನಕ್ಕ. ಮಚವೆ ನಂಬಿ ಉದ್ಧಾರವಾದವರನ್ನು ಅವನು ಕಂಡಿರಲಿಲ್ಲ. ಅವನದೆಲ್ಲವೂ ಮೆಣಸಿನ ಹಡಗಿನಲ್ಲೇ ಇತ್ತು.

ಆ ವರ್ಷ ಹಡಗು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಡಲಿನಲ್ಲಿ ಬಿರುಗಾಳಿ ಎದ್ದಿದೆ ಎಂದು ಯಾರೋ ಸುದ್ದಿ ತಂದರು. ಧಕ್ಕೆಯ ಮೇಲೆ ಜನ ನೂಕಾಡಿ ಪಾಲು ಮಾರಿದರು. ವ್ಯಾಪಾರಿಯೂ ಸಿಕ್ಕಿದ ಬೆಲೆಗೆ ಅರ್ಧ ಪಾಲು ಮಾರಿ, ಬೆವರುತ್ತಾ ಗಾಣದ ಮನೆಗೆ ಬಂದ.

"ಅಕ್ಕಾ, ನೀನಿನ್ನೂ ಮಾರಲಿಲ್ಲವೇ? ನಿನಗೆ ಭಯವಾಗುವುದಿಲ್ಲವೇ?"

"ಆಗುತ್ತದೆ ಶೆಟ್ಟರೇ. ಆದರೆ ಹಡಗು ಮುಳುಗಿದ್ದನ್ನು ಕಂಡವರು ಯಾರೂ ಇಲ್ಲ. ತಂಡೇಲ ಗಟ್ಟಿಗ. ನನ್ನ ಬಾವಿ ಬರುವ ವರ್ಷವಾದರೂ ನಡೆಯುತ್ತದೆ" ಎಂದು ಅವಳು ಎತ್ತನ್ನು ಹೊಡೆದಳು.

ಕೆಲವು ದಿನಗಳಲ್ಲಿ ಬೇರೆ ಸುದ್ದಿ ಬಂತು. ಹಡಗು ಒಂದು ದ್ವೀಪದ ಮರೆಯಲ್ಲಿ ಗಾಳಿ ಇಳಿಯುವುದನ್ನು ಕಾಯುತ್ತಿತ್ತು. ಬೆಲೆ ಮತ್ತೆ ಏರಿತು. ವ್ಯಾಪಾರಿ ಮಾರಿದ ಪಾಲನ್ನೇ ಹೆಚ್ಚು ಕೊಟ್ಟು ಕೊಂಡ.

ಹಡಗು ಬಂತು. ಮೆಣಸಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಎಲ್ಲರಿಗೂ ಪಾಲು ಬೇಕಾಯಿತು. ಆ ದಿನ ಗಾಣದ ಹೆಂಗಸು ಧಕ್ಕೆಗೆ ಬಂದು ಮೆಣಸಿನ ಹಡಗಿನ ತನ್ನ ಪಾಲನ್ನೆಲ್ಲ ಮಾರಿದಳು. ಕೊಂಡವನು ವ್ಯಾಪಾರಿ. ಇವಳಿಗೆ ಬುದ್ಧಿ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಅವಳು ಮರುದಿನವೇ ಕಲ್ಲು ಒಡೆಯುವವರನ್ನು ಕರೆಸಿದಳು.

ವ್ಯಾಪಾರಿಯ ಕೈಯಲ್ಲೂ ಯಾತ್ರೆಗೆ ಸಾಕಾಗುವಷ್ಟು ಇತ್ತು. ತಾಯಿ ಸೀರೆಗಳನ್ನು ಮಡಿಸಿ ಗಂಟು ಕಟ್ಟಿದಳು. ಮಗ ಹೇಳಿದ: "ಇನ್ನೊಂದು ಸಲ ಹಡಗು ಹೋಗಿ ಬರಲಿ ಅಮ್ಮಾ. ಆಮೇಲೆ ನಿನ್ನನ್ನು ಪಲ್ಲಕ್ಕಿಯಲ್ಲೇ ಕರೆದೊಯ್ಯುತ್ತೇನೆ." ತಾಯಿ ಗಂಟು ಬಿಚ್ಚಿದಳು.

ಮರುವರ್ಷ ಪಾಲಿನ ಬೆಲೆ ಇಳಿದಿತ್ತು. ಈಗ ಮಾರಿದರೆ ನಷ್ಟ ಎಂದು ಅವನು ಮಾರಲಿಲ್ಲ. ಅದರ ಮರುವರ್ಷ ಬೆಲೆ ಎಂದೂ ಇಲ್ಲದಷ್ಟು ಏರಿತು. ಇನ್ನೂ ಏರುತ್ತದೆ ಎಂದು ಮಾರಲಿಲ್ಲ. ಬೆಳಗಾದರೆ ಧಕ್ಕೆಗೆ ಹೋಗುತ್ತಿದ್ದ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ತಾಯಿ ಗೋಡೆ ಹಿಡಿದು ನಡೆಯತೊಡಗಿದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಕೊನೆಗೊಂದು ವರ್ಷ ಹಡಗು ಊರೇ ಬೆರಗಾಗುವಷ್ಟು ಹೊನ್ನು ತಂದಿತು. ವ್ಯಾಪಾರಿ ನಿಜವಾಗಿಯೂ ಪಲ್ಲಕ್ಕಿ ಹೊರಿಸಿಕೊಂಡು ಮನೆಗೆ ಬಂದ. ತಾಯಿ ಹಾಸಿಗೆಯ ಮೇಲೆ ಎದ್ದು ಕೂರಲು ನೋಡಿದಳು. ಸೊಂಟ ನಿಲ್ಲಲಿಲ್ಲ. ಪಲ್ಲಕ್ಕಿ ಹೊತ್ತು ತಂದ ಬೋಯಿಗಳು ಅಂಗಳದಲ್ಲೇ ನಿಂತಿದ್ದರು.

"ಹಡಗು ಬಂತೇ ಮಗಾ?"

"ಬಂತಮ್ಮಾ."

"ಸದ್ಯ. ಇನ್ನಾದರೂ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅವನು ಬೋಯಿಗಳಿಗೆ ಕೂಲಿ ಕೊಟ್ಟು ಕಳಿಸಿದ. ಮನೆಯೊಳಗೆ ನಿಲ್ಲಲಾಗದೆ ಬೀದಿಗೆ ಬಂದ. ಗುಡ್ಡದ ಬುಡದ ಬಾವಿಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು. ಗಾಣದವಳು ಕಟ್ಟೆಯ ಮೇಲೆ ಕೂತು ಯಾರದೋ ಮಗುವಿನ ಕಾಲು ತೊಳೆಯುತ್ತಿದ್ದಳು. ಅವನು ಅವಳ ಬಳಿಗೆ ಹೋಗಿ, ಆ ದಿನ ಮಾರಬೇಕೆಂದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದ.

"ಹೊಳೆಯುವುದೇನು ಶೆಟ್ಟರೇ? ಕಲ್ಲು ಒಡೆಯುವವರ ಕೂಲಿ ಹುಟ್ಟಿತು, ಮಾರಿದೆ" ಎಂದಳು ಅವಳು. "ಮಚವೆಗಳ ಪಾಲು ಇನ್ನೂ ಇದೆ. ಕಟ್ಟೆ ಕುಸಿದರೆ ಬೇಕಾಗುತ್ತದೆ."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚನ್ನಮಲ್ಲಪ್ಪ ಕೇಳಿದ: "ಬುದ್ಧಿ, ಕೊನೆಗೆ ಆ ಹಡಗು ಮುಳುಗಿತೇ?"

"ಇಲ್ಲ. ಬಹಳ ಕಾಲ ಓಡಾಡಿತು. ವ್ಯಾಪಾರಿ ಊರಿಗೇ ದೊಡ್ಡ ಸಾಹುಕಾರನಾದ."

"ಹಾಗಾದರೆ ಇಟ್ಟುಕೊಂಡದ್ದೇ ಲಾಭವಾಯಿತಲ್ಲ, ಬುದ್ಧಿ. ಹಂಚಿ ಇಡಬೇಕು, ಗಾಳಿಮಾತಿಗೆ ಹೆದರಬಾರದು, ಅದು ತಿಳಿಯಿತು. ಆದರೆ ನಾನು ಯಾವಾಗ ಮಾರಬೇಕು ಎನ್ನುವುದನ್ನು ತಾವು ಹೇಳಲೇ ಇಲ್ಲ."

ಗುರುಗಳು ನಕ್ಕರು.

"ಈಗಲೇ ಹೇಳುತ್ತೇನೆ ಚನ್ನಮಲ್ಲಪ್ಪ, ನೀನು ಯಾತಕ್ಕಾಗಿ ಕೊಂಡೆ, ಅದನ್ನು ಹೇಳು."