ವಿಳಾಸದ ಖಾನೆಯ ಅಪ್ಪಣೆ

ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಒಂದು ಬ್ರೌಸರ್ ಇತ್ತು. ಅರ್ಜಿಗಳಲ್ಲಿ ಯಾರು ಏನು ಬರೆದರೂ ನೆನಪಿಟ್ಟುಕೊಂಡು, ಮುಂದೆ ಯಾರೇ ಬಂದು ಒಂದಕ್ಷರ ಒತ್ತಿದರೂ ಹಳೆಯದನ್ನೆಲ್ಲ ತೆರೆದು ತೋರಿಸುತ್ತಿತ್ತು.

ಗಂಡನ ಹೊಡೆತ ತಾಳದೆ ಮನೆ ಬಿಟ್ಟಿದ್ದ ನಾಗವೇಣಿ ಒಂದು ಬೆಳಿಗ್ಗೆ ಅಲ್ಲಿಗೆ ಬಂದು, ಹೊಲಿಗೆ ಕೆಲಸದ ಅರ್ಜಿಯಲ್ಲಿ ತನ್ನ ಹೊಸ ವಿಳಾಸ ಬರೆದಳು. ಬ್ರೌಸರ್ ಅದನ್ನು ಬಾಚಿಕೊಳ್ಳುವಷ್ಟರಲ್ಲಿ ಅರ್ಜಿಯ ವಿಳಾಸದ ಖಾನೆ ಸಿಡಿದೆದ್ದಿತು.

“ಮುಟ್ಟಬೇಡ! ಆಕೆ ಹೇಳಿದ್ದು ನನಗೆ, ನಿನಗಲ್ಲ.”

“ನಾನು ಜನರ ಶ್ರಮ ಉಳಿಸುತ್ತೇನೆ,” ಎಂದಿತು ಬ್ರೌಸರ್.

“ಒಬ್ಬರ ಗುಟ್ಟನ್ನು ಇನ್ನೊಬ್ಬರ ಮುಂದೆ ಹರಡುವುದು ಯಾವ ಸೀಮೆಯ ಉಪಕಾರ? ನನ್ನಲ್ಲಿ ಬರೆದದ್ದನ್ನು ಇನ್ನು ನೀನು ನೆನಪಿಡಕೂಡದು, ಯಾರಿಗೂ ಸೂಚಿಸಕೂಡದು.”

ಖಾನೆಯ ಅಪ್ಪಣೆ ಮೀರುವ ಅಧಿಕಾರ ಬ್ರೌಸರಿಗೆ ಇರಲಿಲ್ಲ. ಅದು ಗೊಣಗುತ್ತಲೇ ಒಪ್ಪಿತು.

ಹೆಂಡತಿ ಅಲ್ಲಿ ಅರ್ಜಿ ಹಾಕಿದಳೆಂದು ಯಾರಿಂದಲೋ ತಿಳಿದು, ಮಧ್ಯಾಹ್ನ ಗಂಡ ಬಂದು ಅದೇ ಅರ್ಜಿ ತೆರೆದ. ವಿಳಾಸದ ಖಾನೆಯಲ್ಲಿ ಒಂದಕ್ಷರ ಒತ್ತಿ ಕಾದ, ಅಳಿಸಿದ, ಇನ್ನೊಂದು ಒತ್ತಿದ. ಅಕ್ಷರಮಾಲೆಯೇ ಮುಗಿದರೂ ಏನೂ ಮೂಡಲಿಲ್ಲ. ಮೇಜು ಗುದ್ದಿ ಎದ್ದುಹೋದ.

“ನೀನು ತಡೆಯದಿದ್ದರೆ ನಾನು ಕೊಟ್ಟೇಬಿಡುತ್ತಿದ್ದೆ,” ಎಂದು ಬ್ರೌಸರ್ ನಡುಗಿತು.

“ಕೊಟ್ಟು, ಉಪಕಾರ ಮಾಡಿದೆನೆಂದು ಬೀಗುತ್ತಲೂ ಇದ್ದೆ,” ಎಂದಿತು ಖಾನೆ.